ಮಗ್ಗದ ಶೆಡ್ಡಿನ ಗಂಟೆ

ಫೆಬ್ರವರಿ ೯

ಪ್ರೀತಿಯ ಅಣ್ಣ,

ನಿನ್ನ ಹಡಗು ಈಗ ಯಾವ ಬಂದರಿನಲ್ಲಿದೆಯೋ, ಈ ಕಾಗದ ಅದರ ಬೆನ್ನು ಹತ್ತಿ ಎಷ್ಟು ಊರು ಸುತ್ತುತ್ತದೋ ಗೊತ್ತಿಲ್ಲ. ಆದರೂ ಬರೆಯುತ್ತೇನೆ, ನಿನಗೆ ಹೇಳದಿದ್ದರೆ ಹೊಟ್ಟೆ ಉಬ್ಬಿ ಸಾಯುತ್ತೇನೆ.

ನಮ್ಮ ಮಗ್ಗದ ಶೆಡ್ಡಿನ ಮೇಲ್ವಿಚಾರಕಿಯ ಜಾಗ ನನಗೆ ಬರಲಿಲ್ಲ. ನನ್ನ ನಂತರ ಸೇರಿದ, ನಾನೇ ಕೆಲಸ ಕಲಿಸಿದ ಉದ್ದಕ್ಕನಿಗೆ ಹೋಯಿತು. ಉದ್ದಕ್ಕ ಎಂದರೆ ಯಾವ ಬಾಗಿಲಾದರೂ ತಲೆ ಬಗ್ಗಿಸಿಯೇ ಬರಬೇಕಾದಷ್ಟು ಎತ್ತರದವಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಮ್ಯಾನೇಜರ್ ಹತ್ತಿರ ಹೋಗಿ ಚೀಟಿಯಲ್ಲಿ ಕಾರಣ ಕೇಳಿದೆ. ಆತ ಕಿಟಕಿಯ ಕಡೆ ತಿರುಗಿಕೊಂಡು ಏನೋ ಹೇಳಿದ. ತುಟಿ ಕಾಣದಿದ್ದರೆ ನಾನು ಏನನ್ನು ಓದಲಿ? ಮೇಜು ತಟ್ಟಿದೆ. ಆಗ ಚೀಟಿಯ ಹಿಂದೆ ಬರೆದುಕೊಟ್ಟ: ಅಪಾಯದ ಗಂಟೆ ನಿಮಗೆ ಕೇಳಿಸುವುದಿಲ್ಲ, ಇಷ್ಟು ಜನರ ಪ್ರಾಣ ನಿಮ್ಮ ಕೈಲಿಡಲು ಆಗುವುದಿಲ್ಲ.

ಗಂಟೆ ನನಗೆ ಕೇಳಿಸುವುದಿಲ್ಲ, ನಿಜ. ಆದರೆ ಅಣ್ಣ, ನಮ್ಮ ಶೆಡ್ಡಿನಲ್ಲಿ ಬಾಯಿಗೆ ಕೆಲಸವೇ ಇಲ್ಲ. ಎಳೆ ಕಡಿದರೆ, ಲಾಳಿ ಸಿಕ್ಕಿಕೊಂಡರೆ, ನೀರು ಬೇಕಾದರೆ, ಯಾರದೋ ಗಂಡನನ್ನು ಬೈಯಬೇಕಾದರೆ, ಎಲ್ಲಕ್ಕೂ ಕೈಸನ್ನೆ. ಇಂಥದ್ದು ಎಲ್ಲ ಗಿರಣಿಗಳಲ್ಲೂ ಸ್ವಲ್ಪ ಸ್ವಲ್ಪ ಇರುತ್ತದಂತೆ. ನಮ್ಮಲ್ಲಿ ಅದು ಪೂರಾ ಒಂದು ಭಾಷೆಯಾಗಿ ಬೆಳೆದದ್ದು ನಾನು ಸೇರಿದ ಮೇಲೆ. ಗಂಟೆ ಬಾರಿಸಿದರೆ ಕೇಳಿಸಿದವರು ಎರಡೂ ಕೈ ಮೇಲೆತ್ತುತ್ತಾರೆ, ನನ್ನ ಕಣ್ಣಿಗೆ ಅದು ಬೀಳುತ್ತದೆ, ನಾನೂ ಮಗ್ಗ ನಿಲ್ಲಿಸಿ ಕೈ ಎತ್ತುತ್ತೇನೆ. ಹಿಂದೊಮ್ಮೆ ಹತ್ತಿ ಮೂಟೆಗೆ ಕಿಡಿ ಬಿದ್ದಾಗ ನಾನೇನು ಒಳಗೆ ಕೂತು ಸುಟ್ಟುಹೋದೆನೇ?

ಕಾರ್ಮಿಕರ ಕಚೇರಿಗೆ ದೂರು ಕೊಟ್ಟೆ. ಮಾರನೆಯ ವಾರವೇ ನನ್ನನ್ನು ಚಿಂದಿ ಗೋದಾಮಿಗೆ ಹಾಕಿದರು. ಕತ್ತರಿಸಿದ ಬಟ್ಟೆಯ ಅಂಚು, ಹಾಳಾದ ನೂಲು ಎಲ್ಲ ಬೇರ್ಪಡಿಸುವ ಕೆಲಸ. ಗಾಳಿ ಬೆಳಕು ಚೆನ್ನಾಗಿದೆ, ಚಿಂತೆ ಮಾಡಬೇಡ. ಈಗ ಕೇಸು ಹಾಕುತ್ತಿದ್ದೇನೆ. ನನ್ನ ಮಗ್ಗ ನನಗೆ ಬೇಕು, ಆ ಜಾಗಕ್ಕೆ ನಿಲ್ಲುವ ಹಕ್ಕೂ ಬೇಕು.

ನಿನ್ನ ತಂಗಿ


ಮಾರ್ಚ್ ೨೭
ಹಡಗಿನಿಂದ

ಹಠಮಾರಿ,

ನಿನ್ನ ಕಾಗದ ಈರುಳ್ಳಿ ಮೂಟೆಗಳ ಜೊತೆ ಬಂತು. ಓದಿದಾಗ ಕಣ್ಣಲ್ಲಿ ನೀರು ಬಂದದ್ದು ಯಾವುದರಿಂದ ಎಂದು ಅಡುಗೆಮನೆಯವರಿಗೆ ಗೊತ್ತಾಗಲಿಲ್ಲ, ಅಷ್ಟು ಒಳ್ಳೆಯದಾಯಿತು.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ನೀರಲ್ಲಿದ್ದುಕೊಂಡು ಮೊಸಳೆಯ ಜೊತೆ ಜಗಳವೇ? ಅವರಲ್ಲಿ ವಕೀಲರ ಸಾಲೇ ಇದೆ. ನಿನ್ನನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ಒಬ್ಬ ಮಾತಾಡುವಾಗ ಇನ್ನೊಬ್ಬ ಬಾಯಿ ಹಾಕುತ್ತಾನೆ. ನೀನು ಯಾರ ತುಟಿ ಅಂತ ನೋಡುತ್ತೀಯ? ಶಾಲೆಯಲ್ಲಿ ನಿನ್ನ ಪಾಲಿನ ಉತ್ತರ ಹೇಳಿದವನು ನಾನು, ಅಂಗಡಿಯಲ್ಲಿ ಚಿಲ್ಲರೆಗೆ ಜಗಳ ಆಡಿದವನು ನಾನು. ಅಲ್ಲಿ ನಾನಿಲ್ಲ.

ಗೋದಾಮಿನಲ್ಲಿ ಗಾಳಿ ಬೆಳಕು ಚೆನ್ನಾಗಿದೆ ಅಂದೆಯಲ್ಲ, ಅದನ್ನು ಓದಿ ಸಮಾಧಾನವಾಯಿತು. ಇದ್ದುಬಿಡು. ಯಂತ್ರದ ಹತ್ತಿರದ ಅಪಾಯವಾದರೂ ಅಲ್ಲಿಲ್ಲ. ನಾನೇ ನಿಮ್ಮ ಮ್ಯಾನೇಜರಿಗೆ ಒಂದು ಕಾಗದ ಬರೆದಿದ್ದೇನೆ. ವಿನಯದಿಂದಲೇ ಬರೆದಿದ್ದೇನೆ, ಹೆದರಬೇಡ. ಕಲ್ಲು ಕರಗುವ ಹಾಗೆ ಬರೆದಿದ್ದೇನೆ.

ಇಲ್ಲಿ ಎಲ್ಲ ಎಂದಿನಂತೆ. ಎಂಜಿನ್ನಿನ ಪಕ್ಕದಲ್ಲೇ ಒಲೆ, ಒಲೆಯ ಪಕ್ಕದಲ್ಲೇ ನಾನು.

ನಿನ್ನ ಅಣ್ಣ


ಮೇ ೧೬

ಅಣ್ಣ,

ಮ್ಯಾನೇಜರಿಗೆ ಬರೆದದ್ದು ಇನ್ನೂ ನಿನ್ನ ಹತ್ತಿರವೇ ಇದ್ದರೆ ದಯವಿಟ್ಟು ಮೀನಿಗೆ ಹಾಕು. ಕಳಿಸಿಯಾಗಿದ್ದರೆ ಇನ್ನು ಮಾತಾಡಿ ಪ್ರಯೋಜನವಿಲ್ಲ.

ನನಗೆ ವಕೀಲಮ್ಮ ಸಿಕ್ಕಿದ್ದಾರೆ. ಕಾರ್ಮಿಕ ಸಂಘದವರು ಕೊಟ್ಟವರು. ಮೊದಲ ದಿನ ಕಡತದಲ್ಲಿ ತಲೆ ಹುದುಗಿಸಿಕೊಂಡು ಏನೇನೋ ಹೇಳುತ್ತಾ ಹೋದರು. ನಾನು ಎದ್ದು ಕಡತ ಮುಚ್ಚಿಬಿಟ್ಟೆ. ಅವರು ಬೆಚ್ಚಿ ನನ್ನ ಮುಖ ನೋಡಿದರು, ಆಮೇಲೆ ನಕ್ಕರು. ಅಂದಿನಿಂದ ನನ್ನೆದುರು ಕೂತು ಕಣ್ಣು ನೋಡಿಯೇ ಮಾತಾಡುತ್ತಾರೆ. ಈಚೆಗೆ ತಮ್ಮ ಗಂಡನ ಜೊತೆಗೂ ಹಾಗೇ ಮಾತಾಡುತ್ತಾರಂತೆ, ಆತನಿಗೆ ಭಯವಾಗಿದೆಯಂತೆ.

ಅವರು ನನಗೆ ಕಾನೂನಿನ ಪುಸ್ತಕ ತೆಗೆದು ಒಂದು ಕಡೆ ಬೆರಳಿಟ್ಟು ತೋರಿಸಿದರು. ಕೆಲಸವನ್ನು ಮಾಡಬಲ್ಲ ಯಾವ ವ್ಯಕ್ತಿಗೂ ದೇಹದ ಕೊರತೆಯನ್ನು ಕಾರಣವಾಗಿ ಮುಂದಿಟ್ಟು ಹುದ್ದೆಯನ್ನಾಗಲಿ ಬಡ್ತಿಯನ್ನಾಗಲಿ ನಿರಾಕರಿಸತಕ್ಕದ್ದಲ್ಲ. ಕೆಳಗೆ ಇನ್ನೊಂದು ಸಾಲು. ದೂರು ಕೊಟ್ಟ ಕಾರಣಕ್ಕೆ ಅಂಥವರನ್ನು ಬೇರೆ ಕಡೆಗೆ ಹಾಕತಕ್ಕದ್ದಲ್ಲ. ಒಣ ಮಾತು, ನಿಜ. ಆದರೆ ಅದನ್ನು ಓದಿ ನನ್ನ ಮೈ ಜುಮ್ಮೆಂದಿತು. ಯಾರೋ ಎಲ್ಲೋ ಒಂದು ಕೋಣೆಯಲ್ಲಿ, ನಾನು ಹುಟ್ಟುವುದಕ್ಕೆ ಮುಂಚೆಯೋ ಏನೋ, ನನ್ನ ಮುಖ ನೋಡದೆ, ಹೆಸರು ಕೇಳದೆ, ನನಗೆ ಹೀಗೆ ಆಗಬಹುದು ಎಂದು ಯೋಚಿಸಿ ಬರೆದಿಟ್ಟಿದ್ದಾರೆ. ಅಮ್ಮನಿಗೂ ಅಷ್ಟು ದೂರ ಕಂಡಿರಲಿಲ್ಲ. ಆ ಪುಟದ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತೆ. ವಕೀಲಮ್ಮ ಪೆನ್ಸಿಲ್ ಕಚ್ಚುತ್ತಿದ್ದರು.

ಗಂಟೆಯ ವಿಷಯವೊಂದೇ ನಮಗೆ ತೊಡಕು ಎನ್ನುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. ಎಷ್ಟೆಂದರೂ ಶೆಡ್ಡಿನವರಿಗೆಲ್ಲ ಕೇಳಿಸುತ್ತದೆ, ನನಗೆ ಕೇಳಿಸುವುದಿಲ್ಲ.

ತಂಗಿ


ಆಗಸ್ಟ್ ೨೧

ಅಣ್ಣ,

ಇವತ್ತು ಕೋರ್ಟಿನಲ್ಲಿ ಕಂಪನಿಯ ವಕೀಲ ನಿನ್ನ ಕಾಗದವನ್ನು ಎದ್ದುನಿಂತು ಓದಿದ. ಅವನ ತುಟಿ ಬಹಳ ಸ್ಪಷ್ಟ, ಒಂದಕ್ಷರವೂ ತಪ್ಪಿಹೋಗಲಿಲ್ಲ. ನನ್ನ ತಂಗಿ ಅಸಹಾಯಕಿ, ನಾನು ಕೈ ಹಿಡಿಯದೆ ರಸ್ತೆಯನ್ನೂ ದಾಟಲಾರಳು, ತಾವೇ ದಯೆ ತೋರಿಸಿ ಯಾವುದಾದರೂ ಮೂಲೆಯ ಕೆಲಸ ಕೊಡಬೇಕು. ಓದಿ ಮುಗಿಸಿ, ಒಡಹುಟ್ಟಿದವನಿಗೇ ಇವಳ ಮೇಲೆ ನಂಬಿಕೆಯಿಲ್ಲ, ಕಂಪನಿ ಹೇಗೆ ನಂಬಬೇಕು ಎಂದು ಕೇಳಿದ.

ನೀನು ಕೈ ಹಿಡಿದು ರಸ್ತೆ ದಾಟಿಸುತ್ತಿದ್ದಾಗ ನನಗೆ ಹಾಲುಹಲ್ಲು ಬಿದ್ದಿರಲಿಲ್ಲ. ಈಗ ದಿನಾ ಬೆಳಿಗ್ಗೆ ಲಾರಿ, ಬಸ್ಸುಗಳ ನಡುವೆ ಗಿರಣಿಯ ಅರ್ಧ ಹೆಂಗಸರನ್ನು ರಸ್ತೆ ದಾಟಿಸುವವಳು ನಾನು. ನಿನಗೆ ಗೊತ್ತಿರಲಿಲ್ಲ, ಏಕೆಂದರೆ ನೀನು ಕೇಳಲಿಲ್ಲ.

ಸದ್ಯಕ್ಕೆ ಬರೆಯುವುದಿಲ್ಲ.


ಅಕ್ಟೋಬರ್ ೩೦
ಹಡಗಿನಿಂದ

ಹಠಮಾರಿ,

ಬರೆದು ಬರೆದು ಹರಿದು ಹಾಕಿದ್ದೇನೆ. ಒಳ್ಳೆಯದು ಮಾಡಲು ಹೋಗಿ ನಿನ್ನ ಬಾಯಿಗೇ ಮಣ್ಣು ಹಾಕಿದೆ. ತಪ್ಪಾಯಿತು ಎನ್ನುವ ಮಾತು ಬಿಟ್ಟರೆ ನನ್ನಲ್ಲಿ ಏನೂ ಇಲ್ಲ.

ಆ ಕಾಗದ ಬರೆದದ್ದಕ್ಕೆ ಇನ್ನೊಂದು ಕಾರಣ ಇತ್ತು. ಅದನ್ನು ಮುಂದೆ ಯಾವಾಗಲಾದರೂ ಹೇಳುತ್ತೇನೆ.

ಅಣ್ಣ


ಜನವರಿ ೧೮

ಅಣ್ಣ,

ಸಿಟ್ಟು ಇನ್ನೂ ಸ್ವಲ್ಪ ಉಳಿದಿದೆ. ಆದರೆ ನಿನ್ನೆ ನಡೆದದ್ದನ್ನು ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ?

ಕಂಪನಿಯ ವಕೀಲನೇ ನ್ಯಾಯಾಧೀಶರನ್ನು ಬೇಡಿಕೊಂಡನಂತೆ, ಶೆಡ್ಡಿಗೆ ಬಂದು ಕಣ್ಣಾರೆ ನೋಡಿ, ಆ ಜಾಗದಲ್ಲಿ ಕಿವುಡಿಯೊಬ್ಬಳನ್ನು ನಂಬಬಹುದೇ ಅಂತ ನೀವೇ ಹೇಳಿ ಎಂದು. ಅವರು ಒಪ್ಪಿ ಬಂದರು. ವಯಸ್ಸಾದವರು, ಕಪ್ಪು ಕೋಟು. ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೆ ಕೋಟಿನ ತುಂಬ ಹತ್ತಿಯ ನೂಲುಧೂಳು ಹತ್ತಿ, ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ ಕಂಡರು. ಅಷ್ಟು ತಿಂಗಳ ಮೇಲೆ ನಾನು ಆ ನೆಲದ ಮೇಲೆ ನಿಂತಿದ್ದೆ. ಮಗ್ಗಗಳ ನಡುಕ ಅಂಗಾಲಿನಿಂದ ಮೊಣಕಾಲಿಗೆ ಏರಿತು. ಮನೆಗೆ ಬಂದ ಹಾಗಾಯಿತು.

ಕಂಪನಿಯ ವಕೀಲ ಮಾತು ಶುರು ಮಾಡಿದ. ನ್ಯಾಯಾಧೀಶರು ಕಿವಿಗೆ ಕೈ ಹಿಡಿದು ಬಾಗಿದರು. ಅವನು ಕುತ್ತಿಗೆಯ ನರ ಉಬ್ಬುವ ಹಾಗೆ ಕೂಗಿದ. ಅವರು ತಲೆಯಾಡಿಸಿದರು, ಇಲ್ಲ ಎಂದು. ನಾನು ಎದುರು ಗೋಡೆಯ ಹತ್ತಿರ ಇದ್ದೆ, ನನಗೆ ಅವನ ತುಟಿ ಅಂಗೈ ರೇಖೆಯಷ್ಟು ಸ್ಪಷ್ಟ. ವಕೀಲಮ್ಮನ ಕೈಯ ಕಾಗದ ತೆಗೆದುಕೊಂಡು ಅವನು ಹೇಳಿದ್ದನ್ನು ಹಾಗೇ ಬರೆದು ನ್ಯಾಯಾಧೀಶರ ಕೈಗಿತ್ತೆ. ಬರೆದದ್ದು ಇಷ್ಟೇ: "ಸ್ವಾಮಿ, ಇಲ್ಲಿ ಏನೂ ಕೇಳಿಸ್ತಾ ಇಲ್ಲ." ಅವರು ಓದಿದರು. ಅವನ ಕಡೆ ನೋಡಿದರು, ನನ್ನ ಕಡೆ ನೋಡಿದರು, ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಆಮೇಲೆ ಯಾರು ಏನು ಹೇಳಿದರೂ ನಾನು ಬರೆದುಕೊಟ್ಟರೇ ಕೋರ್ಟು ನಡೆಯುತ್ತಿತ್ತು.

ಆಮೇಲೆ ಗಂಟೆ. ಮ್ಯಾನೇಜರ್ ಮೆಟ್ಟಿಲು ಹತ್ತಿ ತನ್ನ ಗಾಜಿನ ಕೋಣೆಗೆ ಹೋಗಿ ಗುಂಡಿ ಒತ್ತಿದ. ನಾನು ಎಲ್ಲರ ಮುಖ ನೋಡುತ್ತಾ ನಿಂತೆ. ಈಗ ಕೇಳಿಸಿಕೊಳ್ಳುತ್ತಾರೆ, ಎಲ್ಲರೂ ಒಟ್ಟಿಗೆ ತಲೆ ಎತ್ತುತ್ತಾರೆ, ನಾನೊಬ್ಬಳೇ ಪೆದ್ದಿಯ ಹಾಗೆ ನಿಂತಿರುತ್ತೇನೆ, ನನ್ನ ಕತೆ ಮುಗಿಯಿತು ಎಂದುಕೊಂಡೆ.

ಯಾರೂ ತಲೆ ಎತ್ತಲಿಲ್ಲ, ಅಣ್ಣ. ಮೊದಲ ಸಾಲಿನವಳು ಕಡಿದ ಎಳೆ ಕೂಡಿಸುತ್ತಿದ್ದಳು. ಪಕ್ಕದವಳು ಬೆವರು ಒರೆಸಿಕೊಂಡಳು. ನ್ಯಾಯಾಧೀಶರು, ಇನ್ನೂ ಯಾಕೆ ಬಾರಿಸಲಿಲ್ಲ ಎನ್ನುವ ಹಾಗೆ ಮೇಲೆ ನೋಡಿದರು. ಗಾಜಿನ ಹಿಂದೆ ಮ್ಯಾನೇಜರ್ ಗುಂಡಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ತನ್ನ ಕಿವಿ ಮುಚ್ಚಿಕೊಂಡಿದ್ದ. ಗಂಟೆ ಇರುವುದು ಅವನ ಬಾಗಿಲ ಪಕ್ಕದಲ್ಲಿ. ಕಟ್ಟಿಸಿದವರು, ಪರೀಕ್ಷೆ ಮಾಡಿದವರು ಎಲ್ಲರೂ ಆ ಮೆಟ್ಟಿಲ ಮೇಲೆ ನಿಂತವರೇ. ಅಲ್ಲಿ ಕಿವಿ ತೂತಾಗುವಷ್ಟು ಜೋರು. ಕೆಳಗೆ ಮಗ್ಗಗಳ ಗದ್ದಲದಲ್ಲಿ ಅದು ಕೇಳಿಸುವುದೇ ಇಲ್ಲ.

ಉದ್ದಕ್ಕ ಮೇಲ್ವಿಚಾರಕಿಯಲ್ಲವೇ, ಅವಳ ಜಾಗ ಮೆಟ್ಟಿಲ ಬುಡದಲ್ಲಿ. ಇಡೀ ಶೆಡ್ಡಿನಲ್ಲಿ ಗಂಟೆ ಕೇಳಿಸುವುದು ಅವಳೊಬ್ಬಳಿಗೇ. ಇವತ್ತು ಕೈ ಎತ್ತಕೂಡದು, ಎಲ್ಲರೂ ತಾವೇ ಕೇಳಿಸಿಕೊಂಡು ನಿಲ್ಲಿಸಬೇಕು ಎಂದು ಅವಳಿಗೆ ಅಪ್ಪಣೆಯಾಗಿತ್ತು. ಎರಡೂ ಕೈಯನ್ನು ಕಂಕುಳಲ್ಲಿ ಒತ್ತಿ ಹಿಡಿದುಕೊಂಡು ನಿಂತಿದ್ದಳು. ಅವಳ ಮುಖ ಬಿಳಿಚಿಕೊಂಡಿತ್ತು. ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಆ ಉದ್ದನೆಯ ಕೈಗಳೆರಡೂ ಮೇಲೆ ಹೋದವು.

ಅದನ್ನು ನೋಡಿ ಮೊದಲ ಸಾಲು, ಮೊದಲ ಸಾಲನ್ನು ನೋಡಿ ಎರಡನೆಯದು. ಕೈಗಳು ಏಳುತ್ತಾ ಏಳುತ್ತಾ ಆ ತುದಿಯ ಗೋಡೆಗೆ ಹೋಗಿ ಮುಟ್ಟಿದವು. ಮಗ್ಗಗಳು ನಿಂತವು, ನನ್ನ ಕಾಲಕೆಳಗಿನ ನೆಲ ತಣ್ಣಗಾಯಿತು. ಆಗ ನೋಡು, ಆಗ ಎಲ್ಲರೂ ಒಟ್ಟಿಗೆ ಬೆಚ್ಚಿ ಮೇಲೆ ನೋಡಿದರು. ಮಗ್ಗ ನಿಂತ ಮೇಲೆ ಅವರಿಗೆ ಗಂಟೆ ಕೇಳಿಸಿತು. ಅದು ಅಷ್ಟು ಹೊತ್ತೂ ಹೊಡೆದುಕೊಳ್ಳುತ್ತಲೇ ಇತ್ತಂತೆ.

ಇಷ್ಟು ವರ್ಷ ನಾನು, ಎಲ್ಲರಿಗೂ ಕೇಳಿಸುವ ಏನೋ ಒಂದು ನನಗೊಬ್ಬಳಿಗೆ ಇಲ್ಲ ಎಂದುಕೊಂಡಿದ್ದೆ. ಅವರೂ ಅಷ್ಟೇ. ತನಗೆ ಕೇಳಿಸದಿದ್ದರೇನು, ಮುಂದಿನವಳಿಗೆ ಕೇಳಿಸಿದೆಯಲ್ಲ ಎಂದು ಪ್ರತಿಯೊಬ್ಬಳೂ ಅಂದುಕೊಂಡಿದ್ದಳು. ಗಂಟೆಯ ಬಗ್ಗೆ ಯಾರೂ ಯಾರನ್ನೂ ಕೇಳಿರಲಿಲ್ಲ. ಒಬ್ಬರ ಕೈ ನೋಡಿ ಇನ್ನೊಬ್ಬರು ಬದುಕಿಕೊಂಡಿದ್ದೆವು. ಆ ಎತ್ತಿದ ಕೈಗಳ ನಡುವೆ ನಿಂತು ನನಗೆ ಅಳು ಬಂತು, ಅತ್ತುಬಿಟ್ಟೆ.

ಹೊರಗೆ ಬಂದ ಮೇಲೆ ಉದ್ದಕ್ಕನನ್ನು ಕೇಳಿದೆ, ಯಾಕೆ ಎತ್ತಿದೆ ಎಂದು. ಅವಳು ಕೈಯಲ್ಲೇ ಹೇಳಿದಳು: "ಗಂಟೆ ಹೊಡ್ಕೊಳ್ತಾ ಇದೆ, ಮಗ್ಗ ಓಡ್ತಾನೇ ಇದೆ. ಅಷ್ಟು ಜನ ಬೆನ್ನು ತಿರುಗಿಸಿ ನಿಂತಿದ್ದಾರೆ. ಹೆಂಗೆ ಸುಮ್ನಿರಲಿ?"

ತಂಗಿ


ಮಾರ್ಚ್ ೫
ಹಡಗಿನಿಂದ

ಹಠಮಾರಿ,

ನಿನ್ನ ಕಾಗದ ಓದಿ ಓದಿ ಮಡಿಕೆಯಲ್ಲಿ ಹರಿದುಹೋಗಿದೆ. ಆ ಕೈಗಳು ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ನೀನು ನನ್ನ ತಂಗಿ ಎಂದು ಗೊತ್ತಿತ್ತು. ನೀನು ಯಾರು ಎಂದು ಗೊತ್ತಿರಲಿಲ್ಲ.

ಹೇಳದೆ ಬಿಟ್ಟ ಕಾರಣವನ್ನು ಈಗ ಹೇಳುತ್ತೇನೆ. ನನ್ನ ಕಿವಿ ಹೋಗುತ್ತಿದೆ. ಒಂದು ಪೂರಾ ಹೋಯಿತು, ಇನ್ನೊಂದರಲ್ಲಿ ಗುಂಯ್ ಅನ್ನುವುದು ಬಿಟ್ಟರೆ ಅಷ್ಟಕ್ಕಷ್ಟೇ. ಎಂಜಿನ್ನಿನ ಪಕ್ಕ ಇಷ್ಟು ವರ್ಷ ನಿಂತ ಫಲ. ಕ್ಯಾಪ್ಟನ್ನಿಗೆ ಗೊತ್ತಿಲ್ಲ. ಗೊತ್ತಾದರೆ ಮುಂದಿನ ಬಂದರಿನಲ್ಲಿ ಇಳಿಸುತ್ತಾರೆ, ಅಪಾಯದ ಸೈರನ್ ಕೇಳಿಸದವನಿಗೆ ಹಡಗಿನಲ್ಲೇನು ಕೆಲಸ ಎಂದು. ಚಿಕ್ಕಂದಿನಲ್ಲಿ ನಿನ್ನಿಂದ ಕಲಿತ ತುಟಿ ಓದುವ ವಿದ್ಯೆಯಲ್ಲೇ ದಿನ ದೂಡುತ್ತಿದ್ದೇನೆ. ಗಡ್ಡ ಮೀಸೆಯವರು ಬಂದರೆ ಮಾತ್ರ ಕಷ್ಟ, ಆಲೂಗಡ್ಡೆ ಕೇಳಿದರೋ ಉಪ್ಪು ಕೇಳಿದರೋ ತಿಳಿಯದೆ ಎರಡನ್ನೂ ಕೊಡುತ್ತೇನೆ.

ಕಿವಿ ಹೋದವರು ಮೂಲೆಯಲ್ಲಿ ಸುಮ್ಮನಿದ್ದರೆ ಬದುಕಿಕೊಳ್ಳಬಹುದು ಎಂದು ನಾನು ನಂಬಿದ್ದೆ. ಅದನ್ನೇ ನಿನ್ನ ಹೆಸರಿನಲ್ಲಿ ನಿಮ್ಮ ಮ್ಯಾನೇಜರಿಗೆ ಬರೆದೆ. ಹೆದರಿದ್ದವನು ನಾನು.

ಅಣ್ಣ


ಏಪ್ರಿಲ್ ೧೨

ಅಣ್ಣ,

ಓದಿ ಮೊದಲು ಅತ್ತೆ. ಆಮೇಲೆ ಆಲೂಗಡ್ಡೆಯ ಮಾತಿಗೆ ನಕ್ಕೆ. ಆಮೇಲೆ ಎದ್ದು ವಕೀಲಮ್ಮನ ಹತ್ತಿರ ಹೋದೆ. ಹಡಗು ಯಾವ ಬಾವುಟ ಹಾರಿಸುತ್ತದೋ ಆ ದೇಶದ ಕಾನೂನು ನಿನಗೆ ಲಾಗೂ ಆಗುತ್ತದಂತೆ. ಹುಡುಕಿದರು, ಸಿಕ್ಕಿತು. ನನ್ನ ಸಾಲಿನ ಹಾಗೆಯೇ ನಿನಗೂ ಒಂದು ಸಾಲಿದೆ. ಕೆಲಸದಿಂದಲೇ ಬಂದ ಕೊರತೆಗೆ ಕೆಲಸದಿಂದ ತೆಗೆಯತಕ್ಕದ್ದಲ್ಲ, ಬೇರೆ ಏರ್ಪಾಡು ಮಾಡತಕ್ಕದ್ದು. ಬರೆಸಿ ಇದರ ಜೊತೆ ಇಟ್ಟಿದ್ದೇನೆ. ನಿನ್ನನ್ನೂ ಯಾರೋ ನೋಡದೆಯೇ ನೆನೆದಿದ್ದಾರೆ.

ನಿನ್ನ ಕ್ಯಾಪ್ಟನ್ನಿಗೆ ನಾನು ಕಾಗದ ಬರೆಯುವುದಿಲ್ಲ. ಕಲ್ಲು ಕರಗುವ ಹಾಗೆ ಬರೆಯಲು ನನಗೂ ಬರುತ್ತದೆ. ಬರೆಯುವುದಿಲ್ಲ.

ಇನ್ನೊಂದು ನಿಜ. ಗೋದಾಮಿನಲ್ಲಿ ಗಾಳಿಯೂ ಇಲ್ಲ, ಬೆಳಕೂ ಇಲ್ಲ. ಕಿಟಕಿಯೇ ಇಲ್ಲ. ಧೂಳಿನಿಂದ ಕೆಮ್ಮು ಹತ್ತಿದೆ. ನಿನ್ನ ನಿದ್ದೆ ಕೆಡುತ್ತದೆ ಎಂದು ಸುಳ್ಳು ಬರೆದಿದ್ದೆ. ಅಂದು ಕೈ ಎತ್ತಿದ್ದಕ್ಕೆ ಉದ್ದಕ್ಕನನ್ನೂ ಈಗ ಅಲ್ಲಿಗೇ ಹಾಕಿದ್ದಾರೆ. ಮಾತಾಡಲು ಒಬ್ಬಳು ಸಿಕ್ಕಿದಳು, ಅವರ ಪುಣ್ಯ.

ತೀರ್ಪು ಜೂನ್ ಮೊದಲ ವಾರ. ಸೋತರೆ ಗಿರಣಿಯ ಬಾಗಿಲು ನಮ್ಮಿಬ್ಬರಿಗೂ ಮುಚ್ಚಿದ ಹಾಗೆ.

ತಂಗಿ


ಜೂನ್ ೧೪
ಹಡಗಿನಿಂದ

ಹಠಮಾರಿ,

ತೀರ್ಪಿಗೆಂದು ರಜೆ ಹಾಕಿ ಬಂದು ನಿನ್ನ ಮನೆಯಲ್ಲಿ ಇದ್ದ ಎರಡು ದಿನವೂ ಬರೀ ನಕ್ಕೆವು, ತಿಂದೆವು. ಉದ್ದಕ್ಕ ಬಾಗಿಲಿಗೆ ತಲೆ ಬಡಿಸಿಕೊಂಡದ್ದನ್ನು ನೋಡಿದೆವು. ಹೇಳಬೇಕಾದದ್ದನ್ನು ಹೇಳಲಿಲ್ಲ. ಕೋರ್ಟಿನಲ್ಲಿ ನೀನು ನ್ಯಾಯಾಧೀಶರ ಕಡೆ ಮುಖ ಮಾಡಿ ನಿಂತಿದ್ದೆ, ಅವರ ತುಟಿಯಿಂದ ಕಣ್ಣು ತೆಗೆಯಲಿಲ್ಲ. ನಿನ್ನ ಬೆನ್ನ ಹಿಂದೆ ಏನು ನಡೆಯಿತು ಎಂದು ನಿನಗೆ ಗೊತ್ತಿಲ್ಲ. ಅದನ್ನು ಬರೆಯುತ್ತೇನೆ.

ನಾನು ಬಂದಾಗ ಒಳಗೆ ಜಾಗವಿರಲಿಲ್ಲ. ಬೆಂಚುಗಳಲ್ಲಿ, ಗೋಡೆಯುದ್ದಕ್ಕೂ, ಹೊರಗಿನ ಪಡಸಾಲೆಯಲ್ಲಿ, ಮೆಟ್ಟಿಲಿನಲ್ಲಿ, ಎಲ್ಲ ಕಡೆ ನಿಮ್ಮ ಗಿರಣಿಯ ಹೆಂಗಸರು. ಕೊನೆಯ ಬೆಂಚಿನಲ್ಲಿ ಒಬ್ಬರು ಸರಿದು ಜಾಗ ಕೊಟ್ಟರು. ನ್ಯಾಯಾಧೀಶರು ಓದಲು ಶುರು ಮಾಡಿದರು. ನನಗೆ ಒಂದಕ್ಷರ ಕೇಳಿಸಲಿಲ್ಲ. ತುಟಿ ನೋಡೋಣವೆಂದರೆ ಅಷ್ಟು ದೂರ. ನಿನ್ನ ಬದುಕಿನ ತೀರ್ಪು ಆಗುತ್ತಿದೆ, ನಿನ್ನ ಕಿವಿಯಾಗಿದ್ದವನು ಎಂದು ಬೀಗುತ್ತಿದ್ದ ನಾನು ಹಿಂದೆ ಕೂತು ಕಲ್ಲಿನ ಹಾಗೆ ನೋಡುತ್ತಿದ್ದೇನೆ. ನಿನಗೆ ದಿನವೂ ಹೀಗೇ ಇತ್ತೇ ಎಂದು ಆಗ ಯೋಚಿಸಿದೆ.

ಎಲ್ಲಕ್ಕಿಂತ ಮುಂದಿನ ಬೆಂಚಿನಲ್ಲಿ, ನ್ಯಾಯಾಧೀಶರ ತುಟಿ ನೋಡುತ್ತಿದ್ದ ಉದ್ದಕ್ಕನ ಭುಜ ಅಲುಗಿತು. ಅವಳು ಒಂದು ಕೈಯನ್ನು ಬೆನ್ನ ಹಿಂದೆ ತಂದು, ಬೆಂಚಿನ ಕೆಳಗೆ, ಎರಡು ಬೆರಳ ತುದಿ ಕೂಡಿಸಿ ತೋರಿಸಿದಳು. ಹಿಂದಿನ ಸಾಲಿನವರು ಅದನ್ನೇ ಮಾಡಿದರು. ಅವರ ಹಿಂದಿನವರು ಮಾಡಿದರು. ಯಾರೂ ತಿರುಗಲಿಲ್ಲ. ಬೆರಳುಗಳು ಮಾತ್ರ ಸಾಲಿನಿಂದ ಸಾಲಿಗೆ ನನ್ನ ಕಡೆ ಬರುತ್ತಿದ್ದವು. ನನ್ನ ಪಕ್ಕದ ಹೆಂಗಸು ನನಗೂ ತೋರಿಸಿದರು. ನನಗೆ ಅರ್ಥವಾಗಲಿಲ್ಲ ಎಂದು ನನ್ನ ಮುಖ ನೋಡಿ ತಿಳಿದು, ನಿಧಾನವಾಗಿ ತುಟಿಯಾಡಿಸಿದರು: "ಎಳೆ ಕೂಡ್ತು."

ನೀನು ಗೆದ್ದೆ ಎಂದು ಆಗ ತಿಳಿಯಿತು. ತಲೆ ತಿರುಗಿಸಿ ನೋಡಿದೆ. ಪಡಸಾಲೆಯಲ್ಲಿ ಅದೇ ಬೆರಳು, ಮೆಟ್ಟಿಲಿನಲ್ಲಿ ಅದೇ ಬೆರಳು. ಕಿಟಕಿಯಿಂದ ಕೆಳಗೆ ಬಗ್ಗಿದರೆ ಬೀದಿಯಲ್ಲಿ ನಿಂತವರು ಆಗಲೇ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ಒಳಗೆ ನ್ಯಾಯಾಧೀಶರು ಇನ್ನೂ ಓದುತ್ತಲೇ ಇದ್ದರು, ಅವರ ದನಿ ಬಹಳ ಸಣ್ಣದಂತೆ. ಕಿವಿ ನೆಟ್ಟಗಿದ್ದ ಗುಮಾಸ್ತರು, ಜವಾನರು, ಕಂಪನಿಯವರು ಕತ್ತು ಚಾಚಿಕೊಂಡು ಇನ್ನೂ ಕಾಯುತ್ತಿದ್ದರು. ಹಠಮಾರಿ, ಸಮುದ್ರದಲ್ಲಿ ಏನೇನೋ ನೋಡಿದ್ದೇನೆ. ಅಂಥದ್ದನ್ನು ನೋಡಿಲ್ಲ. ಆ ಭಾಷೆಗೆ ಬೇರು ನೀನು ಎಂದುಕೊಂಡಾಗ ಹೆಮ್ಮೆ ನನ್ನ ಎದೆಯಲ್ಲಿ ಹಿಡಿಸಲಿಲ್ಲ.

ನಿನಗೆ ಕೊಟ್ಟದ್ದು ಹುದ್ದೆಯಲ್ಲ ಎಂದು ಗೊತ್ತು. ಮಗ್ಗ ಕೊಟ್ಟಿದ್ದಾರೆ. ಹುದ್ದೆಗೆ ಎಲ್ಲರಿಗೂ ಒಂದೇ ಪರೀಕ್ಷೆ ಎಂದಿದ್ದಾರೆ. ಗಂಟೆಯ ಜೊತೆ ಶೆಡ್ಡಿನ ತುಂಬ ಕೆಂಪು ದೀಪ ಹಾಕಿಸಬೇಕೆಂದಿದ್ದಾರೆ. ಉದ್ದಕ್ಕನೂ ವಾಪಸ್ಸು. ಇನ್ನು ನೀವಿಬ್ಬರೂ ಎದುರೆದುರು ಕೂತು ಅದೇ ಪರೀಕ್ಷೆ ಬರೆಯುತ್ತೀರಿ. ಯಾರು ಗೆದ್ದರೂ ನನಗೆ ತಿಳಿಸು.

ನೀನು ಬರೆಸಿ ಕಳಿಸಿದ ಸಾಲು ನನ್ನ ಅಂಗಿಯ ಜೇಬಿನಲ್ಲಿದೆ. ಕ್ಯಾಪ್ಟನ್ನನ್ನು ನೋಡಬೇಕು ಎಂದು ಹೇಳಿಕಳಿಸಿದ್ದೆ, ಊಟ ಮುಗಿದ ಮೇಲೆ ಬಾ ಎಂದಿದ್ದಾರೆ. ಇಳಿಸುತ್ತಾರೋ ಇಟ್ಟುಕೊಳ್ಳುತ್ತಾರೋ ನನಗೆ ತಿಳಿಯದು. ಗಡ್ಡದ ಮನುಷ್ಯ, ಏನು ಹೇಳಿದರೂ ತುಟಿ ಕಾಣುವುದಿಲ್ಲ. ಒಳಗೆ ಹೋದ ತಕ್ಷಣ ಮೊದಲ ಮಾತು ಅದನ್ನೇ ಹೇಳುತ್ತೇನೆ: "ನನಗೆ ಕಿವಿ ಕೇಳ್ಸಲ್ಲ, ಬರೆದು ಹೇಳಿ."

ನಿನ್ನ ಅಣ್ಣ